ಹಳೆಯ ವರ್ಧಕಕ್ಕೆ ನ್ಯಾಯವಾದ ಬೆಲೆ ಯಾವುದು?

ಬಳಸಿದ ವಸ್ತುವಿನ ಬೆಲೆ ಇಳಿಯುವುದು ಲೋಕರೂಢಿ. ಹತ್ತು ವರ್ಷ ಓಡಿದ ಸೈಕಲ್ಲಿಗಾಗಲಿ ಇಪ್ಪತ್ತು ವರ್ಷ ತಿರುಗಿದ ಹೊಲಿಗೆಯಂತ್ರಕ್ಕಾಗಲಿ ಕೊಂಡ ಬೆಲೆಯನ್ನು ಯಾರೂ ಕೊಡುವುದಿಲ್ಲ. ಆದರೆ ಈ ನಿಯಮವನ್ನು ಮೀರಿದ ಕೆಲವು ವಸ್ತುಗಳುಂಟು. 1950 ಮತ್ತು 1960ರ ದಶಕಗಳಲ್ಲಿ ಅಮೆರಿಕ ಮತ್ತು ಇಂಗ್ಲೆಂಡುಗಳಲ್ಲಿ ತಯಾರಾದ ಗಿಟಾರು ವರ್ಧಕಗಳೂ ಅವುಗಳ ಸ್ಪೀಕರು ಪೆಟ್ಟಿಗೆಗಳೂ ಈ ಗುಂಪಿಗೆ ಸೇರಿದವು. ಆಂಪ್ಲಿಫೈಯರು ಎಂದು ವಾದ್ಯಗಾರರ ಬಾಯಲ್ಲಿ ಹೆಸರಾದ ಈ ವರ್ಧಕಗಳಲ್ಲಿ ಕೆಲವು, ತಾವು ಹೊಸದಾಗಿದ್ದಾಗ ಮಾರಿದ ಬೆಲೆಯ ಹಲವು ಪಾಲು ಹೆಚ್ಚಿನ ಹಣಕ್ಕೆ ಇಂದು ಕೈ ಬದಲಾಯಿಸುತ್ತವೆ.

ವಿಚಿತ್ರವೆಂದರೆ, ಹೊರನೋಟಕ್ಕೆ ಅವಳಿಜವಳಿಗಳಂತಿರುವ ಎರಡು ವರ್ಧಕಗಳಲ್ಲಿ ಒಂದಕ್ಕೆ ಮತ್ತೊಂದರ ಎರಡರಷ್ಟು ಬೆಲೆ ಬರುವುದುಂಟು. ಅದೇ ಹೆಸರು, ಅದೇ ಬಣ್ಣ, ಅದೇ ಆಕಾರ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಮಾರುವವನ ಮಾತನ್ನೇ ನಂಬಿ ಹಣ ಕೊಟ್ಟರೆ, ವರ್ಷಗಟ್ಟಲೆ ಕೂಡಿಟ್ಟ ಉಳಿತಾಯ ಒಂದು ಸಂಜೆಯಲ್ಲಿ ಕರಗಿಹೋಗಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲವಷ್ಟೆ. ಈ ಪ್ರಶ್ನೆಗೆ ಉತ್ತರ ಹುಡುಕಲು ಪ್ರೌಢಶಾಲೆಯಲ್ಲಿ ಕಲಿತ ವಿದ್ಯುತ್ತಿನ ಪಾಠ, ಸ್ವಲ್ಪ ರಸಾಯನ ಶಾಸ್ತ್ರ ಮತ್ತು ಸ್ವಲ್ಪ ಅಂಕಗಣಿತ ಸಾಕು. ವಾಚಕರಲ್ಲಿ ಹೆಚ್ಚಿನವರು ಇಂಥ ವರ್ಧಕವನ್ನು ಎಂದೂ ಕೊಳ್ಳದಿರಬಹುದು. ಆದರೂ ಕಣ್ಣಿಗೆ ಕಾಣುವ ಸಾಕ್ಷ್ಯದಿಂದ ಒಂದು ವಸ್ತುವಿನ ಯೋಗ್ಯತೆಯನ್ನು ನಿರ್ಣಯಿಸುವ ಕ್ರಮ ಎಲ್ಲರಿಗೂ ಉಪಯುಕ್ತವಾದುದು.

ಯಂತ್ರದ ಅಂತರಂಗ

ವಿದ್ಯುತ್ ಗಿಟಾರಿನ ಉಕ್ಕಿನ ತಂತಿಯ ಕೆಳಗೆ ಒಂದು ಕಾಂತವೂ ಅದರ ಸುತ್ತ ಸಣ್ಣ ತಾಮ್ರದ ತಂತಿಯ ಸುರುಳಿಯೂ ಇರುತ್ತವೆ. ತಂತಿ ಮಿಡಿದಾಗ ಸುರುಳಿಯಲ್ಲಿ ಅತ್ಯಲ್ಪವಾದ ವಿದ್ಯುದೊತ್ತಡ ಹುಟ್ಟುತ್ತದೆ. ಇದು ಒಂದು ವೋಲ್ಟಿನ ಸಣ್ಣ ಭಾಗ ಮಾತ್ರ. ಸ್ಪೀಕರನ್ನು ಅಲುಗಿಸಲು ಈ ಶಕ್ತಿ ಏನೇನೂ ಸಾಲದು. ಅದನ್ನು ಹಿಗ್ಗಿಸುವುದೇ ವರ್ಧಕದ ಕೆಲಸ.

ಹಳೆಯ ವರ್ಧಕಗಳಲ್ಲಿ ಈ ಕೆಲಸವನ್ನು ಮಾಡುವುದು ವಾಲ್ವು, ಎಂದರೆ ಗಾಳಿಯನ್ನು ಹೊರತೆಗೆದ ಗಾಜಿನ ನಳಿಕೆ. 1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ಎರಡು ಧ್ರುವಗಳ ವಾಲ್ವನ್ನು ನಿರ್ಮಿಸಿದನು. ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಆರಂಭಿಸಿದ ಪ್ರಯೋಗಗಳ ಫಲವಾಗಿ ಅದಕ್ಕೆ ಜಾಲರಿಯೆಂಬ ಮೂರನೆಯ ಧ್ರುವ ಸೇರಿತು. ಕಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳ ಪ್ರವಾಹವನ್ನು ಜಾಲರಿಯ ಮೇಲಿನ ಸಣ್ಣ ಒತ್ತಡ ಹತೋಟಿಯಲ್ಲಿಡುತ್ತದೆ. ಕೆರೆಯ ತೂಬನ್ನು ಒಂದು ಕೈಯಿಂದ ಎತ್ತಿ ಇಳಿಸಿ ಕಾಲುವೆಯ ನೀರನ್ನೆಲ್ಲ ನಿಯಂತ್ರಿಸಿದಂತೆ ಇದು. ಹೀಗೆ ವರ್ಧಿಸಿದ ವಿದ್ಯುತ್ತು ಹೆಚ್ಚು ವೋಲ್ಟಿನದು, ಕಡಿಮೆ ಆಂಪಿಯರಿನದು. ಸ್ಪೀಕರಿಗೆ ಬೇಕಾದದ್ದು ಇದಕ್ಕೆ ವಿರುದ್ಧವಾದುದು. ನಡುವೆ ಕುಳಿತು ಒಂದನ್ನು ಮತ್ತೊಂದಕ್ಕೆ ಒಪ್ಪಿಸುವುದು ನಿರ್ಗಮ ಟ್ರಾನ್ಸ್‌ಫಾರ್ಮರು. ಕೊನೆಯದು ಸ್ಪೀಕರು. ಇಂದಿಗೂ ಬಳಕೆಯಲ್ಲಿರುವ, ಚಲಿಸುವ ಸುರುಳಿಯ ಸ್ಪೀಕರಿಗೆ ತಳಹದಿಯಾದ ಲೇಖನವನ್ನು ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಪ್ರಕಟಿಸಿದರು.

ಈ ಸಾಮಗ್ರಿಗಳನ್ನು ಗಿಟಾರುವಾದಕರಿಗಾಗಿ ಒಟ್ಟುಗೂಡಿಸಿದವರಲ್ಲಿ ಮೂವರ ಕಾರ್ಖಾನೆಗಳು ಪ್ರಸಿದ್ಧವಾದವು. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನಲ್ಲಿ ಲಿಯೋ ಫೆಂಡರ್ ಎಂಬಾತನು ತಯಾರಿಸುತ್ತಿದ್ದ ವರ್ಧಕಗಳಲ್ಲಿ 'ಬಾಸ್‌ಮನ್' ಒಂದು. 1950ರ ದಶಕದ ಕೊನೆಯ ವೇಳೆಗೆ ಅದರ ವಿದ್ಯುನ್ಮಂಡಲ 5ಎಫ್6-ಎ ಎಂಬ ಸಂಖ್ಯೆಯ ರೂಪವನ್ನು ತಾಳಿತ್ತು. ಹತ್ತು ಅಂಗುಲದ ನಾಲ್ಕು ಸ್ಪೀಕರುಗಳು ಅದರ ಪೆಟ್ಟಿಗೆಯಲ್ಲಿಯೇ ಇದ್ದವು. ಇಂಗ್ಲೆಂಡಿನ ಡಾರ್ಟ್‌ಫರ್ಡ್ ಊರಿನ ಜೆನ್ನಿಂಗ್ಸ್ ಸಂಸ್ಥೆಯಲ್ಲಿ ಡಿಕ್ ಡೆನ್ನಿ 'ವಾಕ್ಸ್ ಎಸಿ30' ವರ್ಧಕವನ್ನು ರೂಪಿಸಿದನು. ಬೀಟಲ್ಸ್ ವೃಂದದವರು ಬಳಸಿದ್ದರಿಂದ ಅದರ ಹೆಸರು ಜಗತ್ತಿಗೆಲ್ಲ ಹಬ್ಬಿತು. ಲಂಡನ್ನಿನ ಹ್ಯಾನ್‌ವೆಲ್ ಭಾಗದಲ್ಲಿ ವಾದ್ಯಗಳ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್, ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಎಂಬ ತಂತ್ರಜ್ಞರ ನೆರವಿನಿಂದ 1962ರಲ್ಲಿ 'ಜೆಟಿಎಂ45' ವರ್ಧಕವನ್ನು ಹೊರತಂದನು. ಅದರ ಮಂಡಲ ಬಾಸ್‌ಮನ್ ಮಂಡಲವನ್ನೇ ಬಹುಮಟ್ಟಿಗೆ ಅನುಸರಿಸಿತ್ತು.

ಇವಕ್ಕೆ ಇಂದಿಗೂ ಬೇಡಿಕೆ ಏಕೆ? ಕೇಳಿದ್ದನ್ನು ಕೇಳಿದಂತೆಯೇ ಹಿಗ್ಗಿಸಬೇಕೆಂಬುದು ಎಂಜಿನಿಯರರ ಆದರ್ಶವಾಗಿತ್ತು. ಆದರೆ ವಾಲ್ವನ್ನು ಅದರ ಮಿತಿಗಿಂತ ಹೆಚ್ಚು ದುಡಿಸಿದಾಗ ಧ್ವನಿಯ ಅಲೆಯ ತುದಿಗಳು ಚಪ್ಪಟೆಯಾಗುತ್ತವೆ. ಆಗ ಮೂಲ ಆವರ್ತಾಂಕದ ಎರಡು ಪಾಲು, ಮೂರು ಪಾಲು ಮುಂತಾದ ಹೊಸ ಆವರ್ತಾಂಕಗಳು ಹುಟ್ಟುತ್ತವೆ. ಈ ವಿಕಾರವೇ ಗಿಟಾರುವಾದಕರಿಗೆ ಇಷ್ಟವಾಯಿತು. ರೇಡಿಯೋಗಳು ಟ್ರಾನ್ಸಿಸ್ಟರಿಗೆ ತಿರುಗಿದ ಮೇಲೂ ಅವರು ವಾಲ್ವನ್ನು ಬಿಡಲಿಲ್ಲ. 1959ರಲ್ಲಿ ತಯಾರಾದ ವರ್ಧಕಗಳ ಸಂಖ್ಯೆಯನ್ನು ಇನ್ನು ಹೆಚ್ಚಿಸಲು ಯಾರಿಂದಲೂ ಆಗದು. ಬೇಡುವವರು ಮಾತ್ರ ಹೆಚ್ಚಿದ್ದಾರೆ.

ಸವೆಯುವ ಭಾಗ, ಉಳಿಯುವ ಭಾಗ

ವರ್ಧಕವೊಂದನ್ನು ಬೆಲೆಗಟ್ಟುವವನು ಅದರ ಭಾಗಗಳನ್ನು ಎರಡು ಗುಂಪಾಗಿ ವಿಂಗಡಿಸಬೇಕು. ಎಣ್ಣೆಯ ದೀಪದಲ್ಲಿ ಬತ್ತಿಯಿದ್ದಂತೆ, ಉರಿದು ಮುಗಿದುಹೋಗಲೆಂದೇ ಇರುವ ಭಾಗಗಳು ಮೊದಲನೆಯ ಗುಂಪು. ದೀಪದ ಕಂಬದಂತೆ ಉಳಿಯಬೇಕಾದ ಭಾಗಗಳು ಎರಡನೆಯದು.

ವಾಲ್ವುಗಳು ಮೊದಲನೆಯ ಗುಂಪಿಗೆ ಸೇರಿದವು. ಕಾದ ಕ್ಯಾಥೋಡಿನ ಲೇಪ ಕಾಲಕ್ರಮದಲ್ಲಿ ಎಲೆಕ್ಟ್ರಾನುಗಳನ್ನು ಸೂಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದಕಾರಣ ವಾಲ್ವು ಬದಲಾಗಿದೆ ಎಂಬ ಮಾತ್ರಕ್ಕೆ ಬೆಲೆ ಕುಗ್ಗಬೇಕಾದುದಿಲ್ಲ. ಇಂದು ವಾಲ್ವುಗಳನ್ನು ಹೇರಳವಾಗಿ ತಯಾರಿಸುವ ಕಾರ್ಖಾನೆಗಳು ಮುಖ್ಯವಾಗಿ ಸ್ಲೊವಾಕಿಯಾ, ರಷ್ಯಾ ಮತ್ತು ಚೀನಾ ದೇಶಗಳಲ್ಲಿವೆ. ಹಿಂದೆ ಬಹು ದೇಶಗಳಲ್ಲಿ ಈ ಉದ್ಯಮವಿತ್ತು. 1954ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೂ ವಾಲ್ವುಗಳನ್ನು ತಯಾರಿಸುತ್ತಿತ್ತು. ವಾಕ್ಸ್ ಎಸಿ30ರಲ್ಲಿ ಬಳಸುವ ಇಎಲ್84 ಎಂಬ ಜಾತಿಯ ವಾಲ್ವುಗಳೂ ಅವುಗಳಲ್ಲಿ ಸೇರಿದ್ದವು. ಬಳಸದೆ ಉಳಿದ ಅಂಥ ಹಳೆಯ ವಾಲ್ವುಗಳನ್ನು ಹುಡುಕಿ ಕೊಳ್ಳುವವರು ಇಂದಿಗೂ ಇದ್ದಾರೆ.

ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳೂ ಇದೇ ಗುಂಪಿನವು. ಮನೆಯ ಪರ್ಯಾಯ ವಿದ್ಯುತ್ತನ್ನು ಏಕಮುಖ ಮಾಡಿದ ಮೇಲೂ ಅದರಲ್ಲಿ ಏರಿಳಿತ ಉಳಿದಿರುತ್ತದೆ. ಆ ಏರಿಳಿತವನ್ನು ಸಮಗೊಳಿಸುವುದು ಇವುಗಳ ಕಾರ್ಯ. ಕಂಡೆನ್ಸರಿನೊಳಗೆ ಅಲ್ಯೂಮಿನಿಯಂ ಹಾಳೆಯ ಮೇಲೆ ಒಂದು ಮೈಕ್ರೋಮೀಟರಿಗಿಂತ ತೆಳುವಾದ ಆಕ್ಸೈಡಿನ ಪೊರೆಯಿರುತ್ತದೆ. ಹಾಳೆಗಳ ನಡುವೆ ಒದ್ದೆಯಾದ ರಾಸಾಯನಿಕ ದ್ರವವಿರುತ್ತದೆ. ವರ್ಷಗಳು ಕಳೆದಂತೆ ಈ ದ್ರವ ಒಣಗುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಕಂಡೆನ್ಸರಿನ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆಂಬುದು ತಂತ್ರಜ್ಞರ ಸ್ಥೂಲ ನಿಯಮ. ವಾಲ್ವಿನ ಬಿಸಿಯ ನೆರೆಯಲ್ಲಿ ಅರುವತ್ತು ವರ್ಷ ಕಳೆದ ಕಂಡೆನ್ಸರು ಇನ್ನೂ ಸುಸ್ಥಿತಿಯಲ್ಲಿದೆಯೆಂದು ನಿರೀಕ್ಷಿಸುವುದು ತಪ್ಪು. ಅದು ಸೋತಾಗ ಸ್ಪೀಕರಿನಲ್ಲಿ ಒಂದೇ ಸಮನಾದ ಗುಂಯ್‌ಗುಡುವ ಸದ್ದು ಕೇಳುತ್ತದೆ. 50 ಹರ್ಟ್ಸ್ ವಿದ್ಯುತ್ತಿರುವ ನಮ್ಮ ದೇಶದಲ್ಲಿ ಈ ಸದ್ದಿನ ಆವರ್ತಾಂಕ 100 ಹರ್ಟ್ಸ್. 60 ಹರ್ಟ್ಸಿನ ಅಮೆರಿಕದಲ್ಲಿ 120.

'ಒಳಗಿರುವುದೆಲ್ಲ ಮೂಲದ್ದೇ, ಒಂದು ಕಂಡೆನ್ಸರನ್ನೂ ಮುಟ್ಟಿಲ್ಲ' ಎಂದು ಹೆಮ್ಮೆಯಿಂದ ಹೇಳಿ ಹೆಚ್ಚಿನ ಬೆಲೆ ಕೇಳುವವರುಂಟು. ಕೊಳ್ಳುವವನಾದರೋ ಅದನ್ನು ಮುಂದೆ ಮಾಡಬೇಕಾದ ಖರ್ಚೆಂದು ಎಣಿಸಬೇಕು. ತಿಳಿವಳಿಕೆಯುಳ್ಳವರು ಕಂಡೆನ್ಸರುಗಳನ್ನು ಬದಲಿಸಿ, ತೆಗೆದ ಹಳೆಯವನ್ನು ಒಂದು ಚೀಲದಲ್ಲಿ ಕಟ್ಟಿ ವರ್ಧಕದೊಡನೆಯೇ ಇಡುತ್ತಾರೆ. ಯಂತ್ರವೂ ಕ್ಷೇಮ, ಸಾಕ್ಷ್ಯವೂ ಕ್ಷೇಮ.

ಟ್ರಾನ್ಸ್‌ಫಾರ್ಮರುಗಳು, ಸ್ಪೀಕರುಗಳು, ಮರದ ಪೆಟ್ಟಿಗೆ, ಅದರ ಹೊದಿಕೆ, ಮುಂಭಾಗದ ಫಲಕ ಇವು ಎರಡನೆಯ ಗುಂಪಿನವು. ಸರಿಯಾಗಿ ಬಳಸಿದರೆ ಇವು ಮನುಷ್ಯನ ಆಯುಸ್ಸಿನಷ್ಟು ಬಾಳಬಲ್ಲವು. ಇವುಗಳಲ್ಲಿ ಯಾವುದೊಂದು ಬದಲಾಗಿದ್ದರೂ ಅದಕ್ಕೊಂದು ಕಾರಣವಿರಬೇಕು. ಕೊಳ್ಳುವವನು ಆ ಕಾರಣವನ್ನು ಕೇಳಿ ತಿಳಿಯಬೇಕು. ಸ್ಪೀಕರು ಜೋಡಿಸದೆಯೇ ವಾಲ್ವು ವರ್ಧಕವನ್ನು ಜೋರಾಗಿ ನುಡಿಸಿದರೆ ನಿರ್ಗಮ ಟ್ರಾನ್ಸ್‌ಫಾರ್ಮರಿನಲ್ಲಿ ಅತಿಯಾದ ಒತ್ತಡ ಹುಟ್ಟಿ, ತಂತಿಯ ಸುತ್ತುಗಳ ನಡುವಣ ನಿರೋಧಕ ಪದರ ಸುಟ್ಟುಹೋಗಬಹುದು. ಬದಲಾದ ಟ್ರಾನ್ಸ್‌ಫಾರ್ಮರು ಎಷ್ಟೋ ವೇಳೆ ಇಂಥ ದುರ್ಬಳಕೆಯ ಕುರುಹು.

ತಾರೀಖನ್ನು ಓದುವ ವಿದ್ಯೆ

ಯಾವ ಭಾಗ ಮೂಲದ್ದು, ಯಾವುದು ತರುವಾಯ ಸೇರಿದ್ದು ಎಂಬುದನ್ನು ಅರಿಯುವ ಬಗೆ ಹೇಗೆ? ಅಮೆರಿಕದ ಬಿಡಿಭಾಗಗಳ ತಯಾರಕರು ತಮ್ಮ ಸರಕಿನ ಮೇಲೆ ಒಂದು ಸಂಕೇತ ಸಂಖ್ಯೆಯನ್ನು ಒತ್ತುತ್ತಿದ್ದರು. ಮೊದಲಿನ ಅಂಕಗಳು ಕಾರ್ಖಾನೆಯನ್ನೂ ನಂತರದ ಒಂದೋ ಎರಡೋ ಅಂಕಗಳು ವರ್ಷವನ್ನೂ ಕೊನೆಯ ಎರಡು ಅಂಕಗಳು ವಾರವನ್ನೂ ಸೂಚಿಸುತ್ತವೆ. ಸ್ಪೀಕರು ತಯಾರಿಸುತ್ತಿದ್ದ ಜೆನ್ಸನ್ ಕಾರ್ಖಾನೆಯ ಸಂಖ್ಯೆ 220. ಧ್ವನಿಯನ್ನು ಏರಿಳಿಸುವ ತಿರುಗುರೋಧಕಗಳನ್ನು ಮಾಡುತ್ತಿದ್ದ ಸ್ಟ್ಯಾಕ್‌ಪೋಲ್ ಕಾರ್ಖಾನೆಯದು 304. ಸ್ಪೀಕರಿನ ಮೇಲೆ 220912 ಎಂದಿದ್ದರೆ ಅದು ಜೆನ್ಸನ್ ಕಾರ್ಖಾನೆಯಲ್ಲಿ 9ರಿಂದ ಕೊನೆಗೊಳ್ಳುವ ವರ್ಷದ 12ನೆಯ ವಾರದಲ್ಲಿ ತಯಾರಾದುದು. ದಶಕ ಯಾವುದೆಂಬುದನ್ನು ಮಾದರಿಯ ಲಕ್ಷಣಗಳಿಂದ ನಿಶ್ಚಯಿಸಬೇಕು.

ಫೆಂಡರ್ ಕಾರ್ಖಾನೆ ಇನ್ನೊಂದು ಗುರುತನ್ನೂ ಬಿಟ್ಟಿದೆ. 1950 ಮತ್ತು 60ರ ದಶಕಗಳ ಅದರ ಅನೇಕ ವರ್ಧಕಗಳ ಒಳಗೆ ವಾಲ್ವುಗಳ ಸ್ಥಾನವನ್ನು ತೋರಿಸುವ ಕಾಗದವೊಂದನ್ನು ಅಂಟಿಸಿದ್ದಾರೆ. ಅದರ ಮೇಲೆ ಎರಡು ಇಂಗ್ಲಿಷ್ ಅಕ್ಷರಗಳ ಮುದ್ರೆಯಿರುತ್ತದೆ. ಮೊದಲನೆಯದು ವರ್ಷ: 'ಎ' ಎಂದರೆ 1951, 'ಬಿ' ಎಂದರೆ 1952, ಹೀಗೆಯೇ ಮುಂದಕ್ಕೆ. ಎರಡನೆಯದು ತಿಂಗಳು: 'ಎ' ಎಂದರೆ ಜನವರಿ. ಆದ್ದರಿಂದ 'ಐಇ' ಎಂಬ ಮುದ್ರೆಗೆ 1959ರ ಮೇ ತಿಂಗಳೆಂದು ಅರ್ಥ.

ಉದಾಹರಣೆಗಾಗಿ ಒಂದು ವರ್ಧಕವನ್ನು ಭಾವಿಸೋಣ. ಅದರ ಕಾಗದದ ಮೇಲೆ 'ಐಇ' ಎಂದಿದೆ. ತಿರುಗುರೋಧಕದ ಮೇಲೆ 304908, ಅಂದರೆ 1959ರ 8ನೆಯ ವಾರ. ಮೂರು ಸ್ಪೀಕರುಗಳ ಮೇಲೆ 220912, ಅದೇ ವರ್ಷದ ಮಾರ್ಚ್ ತಿಂಗಳು. ಬಿಡಿಭಾಗಗಳು ಮೊದಲು ತಯಾರಾಗಿ, ಒಂದೆರಡು ತಿಂಗಳು ದಾಸ್ತಾನಿನಲ್ಲಿದ್ದು, ಮೇ ತಿಂಗಳಲ್ಲಿ ಜೋಡಣೆಯಾಗಿವೆ. ಕಥೆ ಒಂದಕ್ಕೊಂದು ಹೊಂದುತ್ತದೆ. ಆದರೆ ನಾಲ್ಕನೆಯ ಸ್ಪೀಕರಿನ ಮೇಲೆ 220105 ಎಂದಿದೆ. ಅದರ ಮಾದರಿ 1961ರದು. 1959ರಲ್ಲಿ ಜೋಡಿಸಿದ ವರ್ಧಕದಲ್ಲಿ 1961ರ ಸ್ಪೀಕರು ಮೊದಲಿನಿಂದಲೇ ಇರುವುದು ಅಸಾಧ್ಯ. ಒಂದು ಸ್ಪೀಕರು ಎಂದೋ ಬದಲಾಗಿದೆ.

ಪ್ರಾಕ್ತನ ಶಾಸ್ತ್ರಜ್ಞರು ಅನುಸರಿಸುವ ತರ್ಕವೂ ಇದೇ. ಕದಡದ ಮಣ್ಣಿನ ಪದರದಲ್ಲಿ ಟಿಪ್ಪು ಸುಲ್ತಾನನ ನಾಣ್ಯ ದೊರೆತರೆ ಆ ಪದರ 1782ಕ್ಕೆ ಮೊದಲು ಬಿದ್ದುದಾಗಿರಲಾರದು. ಹಾಗೆಯೇ, ವರ್ಧಕವು ತನ್ನ ಮೂಲಭಾಗಗಳಲ್ಲಿ ಅತ್ಯಂತ ಕಿರಿದಾದುದಕ್ಕಿಂತ ಹಿರಿದಾಗಿರಲಾರದು. ಒಂದೇ ತಾರೀಖನ್ನು ನೆಚ್ಚದೆ, ಹಲವು ತಾರೀಖುಗಳು ಪರಸ್ಪರ ಒಪ್ಪುತ್ತವೆಯೇ ಎಂದು ನೋಡಬೇಕು.

ಹೆಸರಿನ ಮಹಿಮೆಯನ್ನು ಸಾಕ್ಷ್ಯದಿಂದ ಅಳೆಯಲು ಇನ್ನೊಂದು ನಿದರ್ಶನವುಂಟು. 1965ರ ಜನವರಿಯಲ್ಲಿ ಫೆಂಡರ್ ಸಂಸ್ಥೆಯನ್ನು ಅಮೆರಿಕದ ಸಿಬಿಎಸ್ ಪ್ರಸಾರ ಸಂಸ್ಥೆ 1 ಕೋಟಿ 30 ಲಕ್ಷ ಡಾಲರಿಗೆ ಕೊಂಡಿತು. ಅದಕ್ಕೆ ಹಿಂದಿನ ವರ್ಧಕಗಳಿಗೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ. ಆದರೆ ಒಡೆತನ ಬದಲಾದ ದಿನವೇ ಮಂಡಲ ಬದಲಾಗಲಿಲ್ಲ. 'ಡಿಲಕ್ಸ್ ರಿವರ್ಬ್' ಎಂಬ ಮಾದರಿಯಲ್ಲಿ 1964ರಲ್ಲಿದ್ದ ಎಬಿ763 ಮಂಡಲವೇ 1966ರಲ್ಲಿಯೂ ಇತ್ತು. 1968ರ ಹೊತ್ತಿಗೆ ಕಪ್ಪು ಫಲಕ ಹೋಗಿ ಬೆಳ್ಳಿಬಣ್ಣದ ಫಲಕ ಬಂದಿತು. ಕೆಲವು ಮಾದರಿಗಳ ಮಂಡಲವೂ ಮಾರ್ಪಟ್ಟಿತು. ಕಪ್ಪು ಫಲಕಕ್ಕೆ ಬೆಲೆ ಹೆಚ್ಚಾದುದರಿಂದ ಬೆಳ್ಳಿ ಫಲಕವನ್ನು ಕಿತ್ತು ಕಪ್ಪು ಫಲಕ ಹಾಕುವವರೂ ಹುಟ್ಟಿಕೊಂಡರು. ಫಲಕವನ್ನು ಬದಲಿಸುವುದು ಸುಲಭ; ಒಳಗಿನ ಹತ್ತಾರು ಭಾಗಗಳ ತಾರೀಖನ್ನೆಲ್ಲ ಬದಲಿಸುವುದು ಬಹು ಕಷ್ಟ.

ಸ್ಪೀಕರು ಮತ್ತು ಅದರ ಪೆಟ್ಟಿಗೆ

ಸ್ಪೀಕರಿನಲ್ಲಿ ಗಾಳಿಯನ್ನು ಅಲುಗಿಸುವುದು ಕಾಗದದ ಶಂಕು. ಅದರ ತುದಿಯ ಸುರುಳಿ ಕಾಂತದ ಕಿರಿದಾದ ಸಂದಿನಲ್ಲಿ ಓಡಾಡುತ್ತದೆ. ಕಾಗದ ಹರಿದಾಗ ಅಥವಾ ಸುರುಳಿ ಸುಟ್ಟಾಗ ಹೊಸ ಶಂಕುವನ್ನೂ ಸುರುಳಿಯನ್ನೂ ಕೂರಿಸುವುದುಂಟು. ಚೌಕಟ್ಟಿನ ಮೇಲಿನ ತಾರೀಖು ಹಳೆಯದಾಗಿಯೇ ಉಳಿದರೂ ಧ್ವನಿಯನ್ನು ಮಾಡುವ ಭಾಗ ಹೊಸದಾಗಿರುತ್ತದೆ. ಅಂಥ ಸ್ಪೀಕರಿಗೆ ಮೂಲ ಶಂಕುವಿನದರ ಬೆಲೆ ಸಲ್ಲದು. ಅಂಚಿನಲ್ಲಿ ಹೊಸ ಅಂಟು, ಕಲೆಯಿಲ್ಲದ ಬಿಳಿಗಪ್ಪು ಕಾಗದ ಮುಂತಾದ ಗುರುತುಗಳನ್ನು ನೋಡಿ ಇದನ್ನು ಕಂಡುಹಿಡಿಯಬಹುದು.

ಹಳೆಯ ಸ್ಪೀಕರುಗಳಲ್ಲಿ ಅನೇಕಕ್ಕೆ ಅಲ್ನಿಕೋ ಕಾಂತವಿರುತ್ತದೆ. ಇದು ಅಲ್ಯೂಮಿನಿಯಂ, ನಿಕಲ್ ಮತ್ತು ಕೋಬಾಲ್ಟನ್ನು ಕಬ್ಬಿಣದೊಡನೆ ಬೆರೆಸಿದ ಮಿಶ್ರಲೋಹ. ಕೋಬಾಲ್ಟ್ ದುಬಾರಿಯಾದುದರಿಂದ ಅಗ್ಗದ ಫೆರೈಟ್ ಕಾಂತಗಳು ಕ್ರಮೇಣ ಇದರ ಸ್ಥಾನವನ್ನು ಆಕ್ರಮಿಸಿದವು. 1978ರಲ್ಲಿ ಆಫ್ರಿಕದ ಝೈರ್ ದೇಶದ ಶಾಬಾ ಪ್ರಾಂತದಲ್ಲಿ ನಡೆದ ಕದನದಿಂದ ಕೋಬಾಲ್ಟಿನ ಬೆಲೆ ಗಗನಕ್ಕೇರಿದ್ದು ಈ ಬದಲಾವಣೆಯನ್ನು ತ್ವರೆಗೊಳಿಸಿತು.

ಪೆಟ್ಟಿಗೆಯ ಒಳಗನ್ನು ತೆರೆಯದೆಯೇ ಸ್ಪೀಕರುಗಳ ಸ್ಥಿತಿಯನ್ನು ತಿಳಿಯಲು ಒಂದು ಸೊಗಸಾದ ಉಪಾಯವಿದೆ. ಮಾರ್ಷಲ್ ಮಾದರಿಯ ದೊಡ್ಡ ಪೆಟ್ಟಿಗೆಯಲ್ಲಿ ಹನ್ನೆರಡು ಅಂಗುಲದ ನಾಲ್ಕು ಸ್ಪೀಕರುಗಳಿರುತ್ತವೆ. ಒಂದೊಂದೂ 16 ಓಮಿನದೆಂದು ಇಟ್ಟುಕೊಳ್ಳೋಣ. ಎರಡೆರಡನ್ನು ಸರಣಿಯಲ್ಲಿ ಜೋಡಿಸಿ, ಆ ಎರಡು ಜೋಡಿಗಳನ್ನು ಸಮಾಂತರವಾಗಿ ಸೇರಿಸಿದರೆ ಒಟ್ಟು ಮತ್ತೆ 16 ಓಮ್ ಆಗುತ್ತದೆ. ಈ 16 ಓಮ್ ಎಂಬುದು ಪರ್ಯಾಯ ವಿದ್ಯುತ್ತಿಗೆ ಸಂಬಂಧಿಸಿದ ಸಂಖ್ಯೆ. ಸಾಮಾನ್ಯ ಮೀಟರಿನಿಂದ ಅಳೆದರೆ ಸುರುಳಿಯ ತಂತಿಯ ರೋಧ ಮಾತ್ರ ತಿಳಿಯುತ್ತದೆ. ಅದು ಸುಮಾರು 12 ಅಥವಾ 13 ಓಮ್ ಇರುತ್ತದೆ. ಹೀಗಾಗಿ ನಾಲ್ಕೂ ಸರಿಯಾಗಿದ್ದರೆ ಪೆಟ್ಟಿಗೆಯ ಸಂಪರ್ಕ ರಂಧ್ರದಲ್ಲಿ ಮೀಟರು ಸುಮಾರು 12.5 ಓಮ್ ತೋರಿಸಬೇಕು. ಒಂದು ಸ್ಪೀಕರಿನ ಸುರುಳಿ ಕಡಿದಿದ್ದರೆ ಅದರ ಜೋಡಿಯೆಲ್ಲ ನಿಷ್ಕ್ರಿಯವಾಗಿ, ಮಿಕ್ಕ ಜೋಡಿಯ 25 ಓಮ್ ಮಾತ್ರ ಕಾಣುತ್ತದೆ. ಓಮನ ನಿಯಮವನ್ನು ಬಲ್ಲ ವಿದ್ಯಾರ್ಥಿ ಒಂದು ನಿಮಿಷದಲ್ಲಿ ಈ ದೋಷವನ್ನು ಪತ್ತೆಮಾಡಬಲ್ಲ.

ವಾಟಿನ ಭ್ರಮೆ

100 ವಾಟಿನ ವರ್ಧಕ 50 ವಾಟಿನದರ ಎರಡರಷ್ಟು ಜೋರಾಗಿ ನುಡಿಯುತ್ತದೆಂದೂ ಆದ್ದರಿಂದ ಎರಡರಷ್ಟು ಬೆಲೆಗೆ ಅರ್ಹವೆಂದೂ ಕೆಲವರು ಭಾವಿಸುತ್ತಾರೆ. ನಮ್ಮ ಕಿವಿ ಹೀಗೆ ಲೆಕ್ಕ ಮಾಡುವುದಿಲ್ಲ. ಶಕ್ತಿ ಇಮ್ಮಡಿಯಾದರೆ ಧ್ವನಿಯ ಮಟ್ಟ 3 ಡೆಸಿಬೆಲ್ ಮಾತ್ರ ಏರುತ್ತದೆ. ಕಿವಿಗೆ ಎರಡರಷ್ಟು ಜೋರೆನಿಸಬೇಕಾದರೆ ಸುಮಾರು 10 ಡೆಸಿಬೆಲ್, ಎಂದರೆ ಹತ್ತು ಪಾಲು ಶಕ್ತಿ ಬೇಕು. ಒಂದು ವಾಟಿಗೆ 97 ಡೆಸಿಬೆಲ್ ಕೊಡುವ ಸ್ಪೀಕರಿನ ಬದಲು 100 ಡೆಸಿಬೆಲ್ ಕೊಡುವ ಸ್ಪೀಕರನ್ನು ಜೋಡಿಸಿದರೆ, 50 ವಾಟಿನ ವರ್ಧಕವೇ 100 ವಾಟಿನದಕ್ಕೆ ಸಮನಾಗುತ್ತದೆ. ವಾಟಿನ ಸಂಖ್ಯೆಯನ್ನು ಮಾತ್ರ ನೋಡಿ ಬೆಲೆ ಕಟ್ಟುವುದು ಪುಟಗಳನ್ನು ಎಣಿಸಿ ಪುಸ್ತಕ ಕೊಂಡಂತೆ.

ಕೇಳುವ ಬೆಲೆ, ಕೊಡುವ ಬೆಲೆ

ಯಂತ್ರದ ಪರೀಕ್ಷೆಯಾಯಿತು, ಇನ್ನು ಪೇಟೆಯ ಪರೀಕ್ಷೆ. ಅಂಗಡಿಗಳಲ್ಲಿಯೂ ಜಾಹೀರಾತುಗಳಲ್ಲಿಯೂ ಕಾಣುವ ಬೆಲೆಗಳನ್ನು ನೋಡಿ 'ಇದೇ ನಡೆಯುವ ಬೆಲೆ' ಎಂದು ನಂಬುವುದು ಸಹಜ. ಇದರಲ್ಲಿ ಅಡಗಿರುವ ದೋಷವನ್ನು ಒಂದು ಸಣ್ಣ ಲೆಕ್ಕ ಬಯಲುಮಾಡುತ್ತದೆ. ಪ್ರತಿ ವಾರವೂ ಹತ್ತು ವರ್ಧಕಗಳು ಮಾರಾಟಕ್ಕೆ ಬರುತ್ತವೆಂದು ಭಾವಿಸಿರಿ. ಆರು ಮಂದಿ 100 ಅಂಶ ಬೆಲೆ ಕೇಳುತ್ತಾರೆ. ಅವು ಒಂದೇ ವಾರದಲ್ಲಿ ಮಾರಿಹೋಗುತ್ತವೆ. ನಾಲ್ವರು 160 ಕೇಳುತ್ತಾರೆ. ಅವು ಹನ್ನೆರಡು ವಾರ ಕಾಯುತ್ತವೆ. ಯಾವುದೇ ದಿನ ನೀವು ಪೇಟೆಗೆ ಹೋದರೆ 100ರ ಚೀಟಿಯವು 6, 160ರ ಚೀಟಿಯವು 4 × 12, ಅಂದರೆ 48 ಕಾಣುತ್ತವೆ. ಒಂಬತ್ತರಲ್ಲಿ ಎಂಟು ದುಬಾರಿ! ಹೆಚ್ಚಿನವರು ಕೇಳಿದ್ದು 100 ಮಾತ್ರ. ಆದರೆ ಕಣ್ಣಿಗೆ ಬೀಳುವುದು 160. ನ್ಯಾಯವಾದ ಬೆಲೆಯವು ಬೇಗ ಮರೆಯಾಗುತ್ತವೆ, ಅನ್ಯಾಯದವು ಕಣ್ಣೆದುರೇ ಉಳಿಯುತ್ತವೆ. ಆದುದರಿಂದ ನಿಜವಾಗಿ ಮಾರಾಟವಾದ ಬೆಲೆಗಳನ್ನೇ ಕಲೆಹಾಕಬೇಕು.

ಕಲೆಹಾಕಿದ ಬೆಲೆಗಳ ಸರಾಸರಿಯೂ ಮೋಸ ಮಾಡಬಹುದು. ಐದು ಮಾರಾಟಗಳು 90, 95, 100, 104 ಮತ್ತು 180 ಅಂಶಗಳಿಗೆ ನಡೆದವೆನ್ನೋಣ. ಸರಾಸರಿ 113.8. ಐದರಲ್ಲಿ ನಾಲ್ಕು ಅದಕ್ಕಿಂತ ಕಡಿಮೆ! ಪ್ರಸಿದ್ಧ ಗಾಯಕನೊಬ್ಬನು ಬಳಸಿದ್ದೆಂಬ ಕಾರಣಕ್ಕೆ ಒಂದಕ್ಕೆ 180 ಬಂದಿರಬಹುದು. ಬೆಲೆಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಡುವಣದನ್ನು ಆರಿಸಿದರೆ 100 ದೊರೆಯುತ್ತದೆ. ಗಣಿತಜ್ಞರು ಮಧ್ಯಾಂಕವೆಂದು ಕರೆಯುವ ಈ ಸಂಖ್ಯೆಯೇ ಇಲ್ಲಿ ಹೆಚ್ಚು ನಂಬಿಕೆಗೆ ಅರ್ಹ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನು ಕುರಿತು ಬರೆದ ಲೇಖನವೊಂದು ಇಲ್ಲಿಯೂ ಅನ್ವಯಿಸುತ್ತದೆ. ಈ ಬಗೆಯ ಸಂಶೋಧನೆಗಾಗಿ 2001ರಲ್ಲಿ ಆತನಿಗೆ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ಆತನ ವಾದದ ತಿರುಳು ಇಷ್ಟು: ಮಾರುವವನಿಗೆ ವಸ್ತುವಿನ ಒಳಗುಟ್ಟು ತಿಳಿದಿದೆ, ಕೊಳ್ಳುವವನಿಗೆ ತಿಳಿದಿಲ್ಲ. ಒಳ್ಳೆಯ ವರ್ಧಕದ ಯೋಗ್ಯತೆ 100, ಕೆಟ್ಟದರದು 40, ಎರಡೂ ಸಮಸಂಖ್ಯೆಯಲ್ಲಿವೆ ಎಂದಿಟ್ಟುಕೊಳ್ಳಿ. ಗುರುತಿಸಲಾರದ ಕೊಳ್ಳುಗನು 70ಕ್ಕಿಂತ ಹೆಚ್ಚು ಕೊಡಲಾರ. ಒಳ್ಳೆಯ ವರ್ಧಕದ ಒಡೆಯನು 70ಕ್ಕೆ ಒಪ್ಪದೆ ಮನೆಗೆ ಹಿಂದಿರುಗುತ್ತಾನೆ. ಪೇಟೆಯಲ್ಲಿ ಕೆಟ್ಟವು ಮಾತ್ರ ಉಳಿಯುತ್ತವೆ. ಅಜ್ಞಾನದಿಂದ ಕೊಳ್ಳುವವನಿಗಷ್ಟೇ ನಷ್ಟವೆಂದು ತಿಳಿಯಬಾರದು. ಪ್ರಾಮಾಣಿಕನಾದ ಮಾರಾಟಗಾರನೂ ನೆಲೆ ಕಳೆದುಕೊಳ್ಳುತ್ತಾನೆ. ಒಳಭಾಗದ ಚಿತ್ರಗಳನ್ನೂ ತಾರೀಖುಗಳನ್ನೂ ದುರಸ್ತಿಯ ಚೀಟಿಗಳನ್ನೂ ಮುಚ್ಚುಮರೆಯಿಲ್ಲದೆ ಮುಂದಿಡುವುದೇ ಈ ರೋಗಕ್ಕೆ ಮದ್ದು.

ಲೆಕ್ಕ ಹಾಕುವ ಬಗೆ

ಇಷ್ಟನ್ನೂ ಒಟ್ಟುಗೂಡಿಸಿದರೆ ಬೆಲೆ ಕಟ್ಟುವ ಕ್ರಮ ತಾನಾಗಿಯೇ ಮೂಡುತ್ತದೆ. ಅದೇ ಮಾದರಿಯ, ಅದೇ ಕಾಲದ, ಸುಸ್ಥಿತಿಯಲ್ಲಿರುವ ವರ್ಧಕಗಳು ಮಾರಿದ ಬೆಲೆಗಳ ಮಧ್ಯಾಂಕ 100 ಅಂಶವಾಗಿರಲಿ. ಅದರಿಂದ ಎರಡು ಬಗೆಯ ಕಳೆಯುವಿಕೆ ನಡೆಯಬೇಕು.

ಮೊದಲನೆಯದು ದುರಸ್ತಿಯ ವೆಚ್ಚ. ಕಂಡೆನ್ಸರುಗಳಿಗೆ 5, ಸೋತ ವಾಲ್ವುಗಳಿಗೆ 4 ಎಂದು ಒಬ್ಬ ನಂಬಿಕೆಯ ರಿಪೇರಿಗಾರ ಹೇಳಿದರೆ ಉಳಿದದ್ದು 91. ಎರಡನೆಯದು ಹಣ ಕೊಟ್ಟರೂ ಮರಳಿ ಬಾರದ ಮೂಲತ್ವದ ನಷ್ಟ. ನಾಲ್ಕರಲ್ಲಿ ಒಂದು ಸ್ಪೀಕರು ಬದಲಾಗಿದೆ, ನಿರ್ಗಮ ಟ್ರಾನ್ಸ್‌ಫಾರ್ಮರು ಹೊಸದು. ಇವಕ್ಕೆ ಎಷ್ಟು ಕಳೆಯಬೇಕು? ಇಲ್ಲಿ ಪ್ರಯೋಗಶಾಲೆಯ ಪದ್ಧತಿಯನ್ನು ಅನುಸರಿಸಬೇಕು. ಮಿಕ್ಕೆಲ್ಲ ಅಂಶಗಳಲ್ಲಿ ಸಮನಾಗಿದ್ದು ಟ್ರಾನ್ಸ್‌ಫಾರ್ಮರೊಂದರಲ್ಲಿ ಮಾತ್ರ ಭೇದವಿರುವ ಎರಡು ಮಾರಾಟಗಳನ್ನು ಹುಡುಕಿದರೆ ಆ ಬೆಲೆಗಳ ಅಂತರವೇ ಉತ್ತರ. ಅದು 12, ಸ್ಪೀಕರಿನದು 6 ಎಂದು ಕಂಡುಬಂದರೆ ನ್ಯಾಯವಾದ ಬೆಲೆ 73ರ ಸುಮಾರು. ಈ ಅಂಕಿಗಳೆಲ್ಲ ಉದಾಹರಣೆಗಾಗಿ ಕಲ್ಪಿಸಿದವು. ಕ್ರಮ ಮಾತ್ರ ನಿಜವಾದುದು. ಮಾರುವವನು 90 ಕೇಳಿದರೆ ಕೊಳ್ಳುವವನು ಸಿಟ್ಟಾಗಬೇಕಾದುದಿಲ್ಲ. ಲೆಕ್ಕವನ್ನು ಅವನ ಮುಂದಿಟ್ಟು ಯಾವ ಸಂಖ್ಯೆ ತಪ್ಪೆಂದು ಕೇಳಿದರೆ ಸಾಕು. ಜಗಳವು ಸಂವಾದವಾಗಿ ಮಾರ್ಪಡುತ್ತದೆ.

ಈ ಲೆಕ್ಕ ಎರಡು ಕಡೆಗೂ ಹರಿಯಬೇಕು. ತೀರಿಹೋದ ಹಿರಿಯರ ವಸ್ತುವೆಂದು, ಅದರ ಯೋಗ್ಯತೆ ತಿಳಿಯದೆ, 10 ಅಂಶಕ್ಕೆ ಕೊಡಲು ಬಂದವರಿಗೆ ಅದು 73ರ ವಸ್ತುವೆಂದು ತಿಳಿಸುವುದು ಬಲ್ಲವನ ಧರ್ಮ. ಒಬ್ಬರ ಅಜ್ಞಾನದ ಮೇಲೆ ನಿಂತ ಬೆಲೆ ಎಷ್ಟು ಅಗ್ಗವಾದರೂ ನ್ಯಾಯವಾದುದಲ್ಲ.

ಪ್ರಾಣಕ್ಕೆ ಎರವಾಗದಿರಲಿ

ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಈ ವಿಷಯವನ್ನು ಮುಗಿಸಲಾಗದು. ಇಂಥ ವರ್ಧಕಗಳೊಳಗೆ 400ರಿಂದ 500 ವೋಲ್ಟುಗಳವರೆಗೆ ಒತ್ತಡವಿರುವುದುಂಟು. ಪ್ಲಗ್ಗನ್ನು ಕಿತ್ತ ಮೇಲೂ ಕಂಡೆನ್ಸರುಗಳು ಆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡು ಮುಟ್ಟಿದವನ ಪ್ರಾಣ ತೆಗೆಯಬಲ್ಲವು. ಒಳಭಾಗದ ಪರೀಕ್ಷೆ ಅನುಭವಿ ರಿಪೇರಿಗಾರನ ಕೆಲಸ. ವಿದ್ಯಾರ್ಥಿಗಳು ಅವನ ಪಕ್ಕದಲ್ಲಿ ನಿಂತು ನೋಡಿ ಕಲಿಯಬೇಕು.

ಹಳೆಯ ಅಮೆರಿಕನ್ ವರ್ಧಕಗಳಿಗೆ ನೆಲದ ಸಂಪರ್ಕವಿಲ್ಲದ ಎರಡು ಕಡ್ಡಿಯ ಪ್ಲಗ್ಗು ಇರುತ್ತಿತ್ತು. ಒಳಗಿನ ಒಂದು ಕಂಡೆನ್ಸರು ಕೆಟ್ಟರೆ ಗಿಟಾರಿನ ತಂತಿಯವರೆಗೂ ಮನೆಯ ವಿದ್ಯುತ್ತು ಹರಿಯಬಹುದು. ನೆಲದ ಸಂಪರ್ಕದ ಲೋಪ ಎಷ್ಟು ಘೋರವೆಂಬುದಕ್ಕೆ ನಿದರ್ಶನವುಂಟು. 1972ರ ಮೇ ತಿಂಗಳಲ್ಲಿ ವೇಲ್ಸಿನ ಸ್ವಾನ್ಸೀ ನಗರದ ವೇದಿಕೆಯ ಮೇಲೆ ಲೆಸ್ಲಿ ಹಾರ್ವೆ ಎಂಬ ಗಿಟಾರುವಾದಕನು ನೆಲದ ಸಂಪರ್ಕವಿಲ್ಲದ ಮೈಕ್ರೋಫೋನನ್ನು ಮುಟ್ಟಿ ವಿದ್ಯುದಾಘಾತದಿಂದ ಮೃತನಾದನು. ಮೂರು ಕಡ್ಡಿಯ ಹೊಸ ಪ್ಲಗ್ಗು ಹಾಕಿದ ವರ್ಧಕದಲ್ಲಿ ಮೂಲತ್ವ ಕೆಟ್ಟಿತೆಂದು ಬೆಲೆ ಇಳಿಸುವುದು ಅವಿವೇಕ. ಅಮೆರಿಕದ 120 ವೋಲ್ಟಿನ ವರ್ಧಕವನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತದೆ. ಒತ್ತಡವನ್ನು ಇಳಿಸುವ ಟ್ರಾನ್ಸ್‌ಫಾರ್ಮರು ಬೇಕು. ಆಗಲೂ, 60 ಹರ್ಟ್ಸಿಗೆಂದೇ ರಚಿತವಾದುದು 50 ಹರ್ಟ್ಸಿನಲ್ಲಿ ನಡೆದಾಗ ಅದರ ಕಬ್ಬಿಣದ ತಿರುಳಿನ ಕಾಂತಪ್ರವಾಹ ಐದನೆಯ ಒಂದು ಭಾಗದಷ್ಟು ಹೆಚ್ಚಿ, ಬಿಸಿ ಏರುತ್ತದೆ. ಈ ಖರ್ಚೂ ಈ ಅಪಾಯವೂ ಬೆಲೆಯ ಲೆಕ್ಕದಲ್ಲಿ ಸೇರಬೇಕು.

ಹಳೆಯ ವರ್ಧಕವು ಮರ, ತಾಮ್ರ, ಕಾಗದ ಮತ್ತು ಗಾಜುಗಳಲ್ಲಿ ಬರೆದ ಒಂದು ದಾಖಲೆ. ಯಾರು ಎಂದು ತಯಾರಿಸಿದರು, ಹೇಗೆ ದುಡಿಸಿದರು, ಎಲ್ಲಿ ಕೆಟ್ಟಿತು, ಯಾರು ನೇರ್ಪಡಿಸಿದರು ಎಂಬುದೆಲ್ಲ ಅದರಲ್ಲಿ ಅಡಗಿದೆ. ಓದಲು ಬಲ್ಲವನಿಗೆ ಅದು ಸುಳ್ಳು ಹೇಳುವುದು ಅಪರೂಪ. ಬೆಲೆಯ ಚೀಟಿಯನ್ನು ಯಾರು ಬೇಕಾದರೂ ಬರೆಯಬಹುದು. ಕೊಳ್ಳುವ ಮುನ್ನ ಆ ದಾಖಲೆಯನ್ನು ಓದಿರಿ.